ಹರಳಿಗೆ ತಿರುವು ಬಂತು, ಬೆಳಕಿಗೆ ಯಾಕೆ ಬರಲಿಲ್ಲ?

ಪ್ರಶ್ನೆ: ತುಮಕೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಂದಕ್ಕೊಂದು ಕನ್ನಡಿ ಬಿಂಬವಾದ ಆರ್ ಮತ್ತು ಎಸ್ ಆಲ್ಫಾ-ಮೀಥೈಲ್‌ಬೆಂಜೈಲ್‌ಅಮೀನ್ ಬಳಸಿ ಪದರ ಪದರವಾದ ಲೆಡ್ ಅಯೋಡೈಡ್ ಹರಳು ಬೆಳೆಸಿದೆ. ಕಿತ್ತಳೆ ಬಣ್ಣದ ಸೂಜಿಗಳು ಬಂದವು. ಬೆಂಗಳೂರಿನಲ್ಲಿ ಸಿ.ಡಿ. (ವೃತ್ತೀಯ ದ್ವಿವರ್ಣತೆಯ ಅಳತೆ) ತೆಗೆಸಿದಾಗ 500 ನ್ಯಾನೊಮೀಟರ್ ಹತ್ತಿರ ಎರಡೂ ಕನ್ನಡಿ ಬಿಂಬದ ಹಾಗೆ ಬಂದವು. ಆದರೆ ಯುವಿ ದೀಪದ ಕೆಳಗೆ ಹರಳು ಬೆಳಗುವುದೇ ಇಲ್ಲ. ವೃತ್ತೀಯ ಧ್ರುವೀಕೃತ ಬೆಳಕು (ಎಡಕ್ಕೋ ಬಲಕ್ಕೋ ಸುರುಳಿಯಾಗಿ ಸಾಗುವ ಬೆಳಕು) ಸೂಸುವ ವಸ್ತು ಬೇಕಾದರೆ ಯಾವ ಲೋಹ, ಯಾವ ಅಮೀನ್ ಹಿಡಿಯಬೇಕು? ಅದನ್ನು ನಮ್ಮ ಕಾಲೇಜಿನಲ್ಲೇ ಅಳೆಯಲು ಸಾಧ್ಯವೇ?

ಉತ್ತರ: ನೀವು ಮಾಡಿದ್ದರಲ್ಲಿ ತಪ್ಪಿಲ್ಲ. ಆ ಲೆಡ್ ಅಯೋಡೈಡ್ ಕೋಣೆಯ ಉಷ್ಣತೆಯಲ್ಲಿ ಬೆಳಗುವುದು ಬಹಳ ಕಡಿಮೆ. ಹೀರಿಕೊಂಡ ಶಕ್ತಿಯ ಬಹುಪಾಲು ಜಾಲದ ಕಂಪನಗಳಲ್ಲಿ, ದೋಷಗಳಲ್ಲಿ ಶಾಖವಾಗಿ ಹೋಗುತ್ತದೆ. ದ್ರವ ಸಾರಜನಕದ 77 ಕೆಲ್ವಿನ್‌ಗೆ ಇಳಿಸಿದರೆ ಅದೇ ಹರಳು ಬೆಳಗುತ್ತದೆ.

ಸಿ.ಡಿ. ಚೆನ್ನಾಗಿ ಬಂತು ಅಂದರೆ ಹರಳು ಎಡಮುರಿ ಬೆಳಕನ್ನೂ ಬಲಮುರಿ ಬೆಳಕನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತಿದೆ ಎಂದಷ್ಟೇ ಅರ್ಥ. ಹೀರುವಾಗ ಅಣು ನೆಲಸ್ಥಿತಿಯಲ್ಲಿರುತ್ತದೆ, ಸೂಸುವಾಗ ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ, ಮತ್ತು ಈ ಎರಡು ಸ್ಥಿತಿಗಳ ಆಕಾರ ಒಂದೇ ಆಗಿರಬೇಕಿಲ್ಲ. ಹಾಗಾಗಿ ನಿಮ್ಮ ವಿನ್ಯಾಸಕ್ಕೆ ಒಂದೇ ಕಟ್ಟಳೆ ಸಾಕು: ಬೆಳಕು ಎಲ್ಲಿಂದ ಹೊರಡುತ್ತದೋ ಆ ಲೋಹಕೇಂದ್ರದ ಸುತ್ತಲೇ ತಿರುವು ಇರಬೇಕು. ಅಮೀನ್ ಎಷ್ಟೇ ಶುದ್ಧ ಕೈರಲ್ (ತನ್ನ ಕನ್ನಡಿ ಬಿಂಬಕ್ಕೆ ಹೊಂದದ, ಒಂದೇ ಕೈಯ ತಿರುವಿನದು) ಆಗಿರಲಿ, ಅದರ ತಿರುವು ಲೋಹದ ಸುತ್ತಲಿನ ಹ್ಯಾಲೈಡ್ (ಕ್ಲೋರೈಡ್, ಬ್ರೋಮೈಡ್, ಅಯೋಡೈಡ್) ಗೂಡನ್ನು ಡೊಂಕು ಮಾಡದಿದ್ದರೆ ಬೆಳಕಿಗೆ ಅದರ ಸುಳಿವೇ ಸಿಗದು.

ಮೊದಲು ಅಳತೆಗೋಲು. ಬೆಳಕಿನ ತಿರುವನ್ನು ಜಿ-ಮೌಲ್ಯದಲ್ಲಿ ಹೇಳುತ್ತಾರೆ: ಎಡದ ತೀವ್ರತೆಯಿಂದ ಬಲದ್ದನ್ನು ಕಳೆದು, ಎರಡರಿಂದ ಗುಣಿಸಿ, ಒಟ್ಟು ತೀವ್ರತೆಯಿಂದ ಭಾಗಿಸಬೇಕು. ಪೂರಾ ಎಡವಾದರೆ +2, ಪೂರಾ ಬಲವಾದರೆ -2. ಸಾವಯವ, ಅಜೈವಿಕ ಭಾಗ ಬೆರೆತ ಸಾಮಾನ್ಯ ಹೈಬ್ರಿಡ್ ಹ್ಯಾಲೈಡ್‌ಗಳು 0.001ರಿಂದ 0.01ರ ಆಸುಪಾಸಿನಲ್ಲಿ ಇರುತ್ತವೆ. ಇಷ್ಟು ಚಿಕ್ಕದಾಗಲು ಕಾರಣವಿದೆ. ಜಿ-ಮೌಲ್ಯ ಹೆಚ್ಚುಕಡಿಮೆ ಕಾಂತೀಯ ದ್ವಿಧ್ರುವ ಮತ್ತು ವಿದ್ಯುತ್ ದ್ವಿಧ್ರುವಗಳ ಅನುಪಾತವನ್ನು ಅವಲಂಬಿಸಿದೆ. ವಿದ್ಯುತ್ ದ್ವಿಧ್ರುವ ದೊಡ್ಡದಿದ್ದರೆ ವಸ್ತು ಜೋರಾಗಿ ಬೆಳಗುತ್ತದೆ, ಆದರೆ ಅದೇ ಕಾರಣಕ್ಕೆ ಜಿ ಕುಗ್ಗುತ್ತದೆ. ಹೊಳಪು ಮತ್ತು ತಿರುವು ಹೀಗೆ ಒಂದನ್ನೊಂದು ತಿನ್ನುವುದರಿಂದ ಎರಡರ ಗುಣಲಬ್ಧವನ್ನೇ ನೋಡಿ. ದೀಪ್ತಿ ದಕ್ಷತೆ (ಹೀರಿದ ಬೆಳಕಿನಲ್ಲಿ ಮತ್ತೆ ಬೆಳಕಾಗಿ ಮರಳುವ ಪಾಲು) 50% ಇದ್ದು ಜಿ 0.005 ಇರುವ ವಸ್ತುವಿನದು 0.0025. ದಕ್ಷತೆ 2% ಮಾತ್ರ ಇದ್ದು ಜಿ 0.02 ಇದ್ದರೆ 0.0004. ಎರಡನೆಯದರ ಜಿ ನಾಲ್ಕು ಪಟ್ಟು ದೊಡ್ಡದಾದರೂ ಕೆಲಸಕ್ಕೆ ಬರುವುದು ಮೊದಲನೆಯದೇ.

ಈಗ ಲೋಹದ ವಿಚಾರ. ಪದರಗಳಾಗಿ ಹಬ್ಬಿದ ಲೆಡ್ ಬಿಟ್ಟು, ಲೋಹ-ಹ್ಯಾಲೈಡ್ ಗೂಡುಗಳು ಒಂದಕ್ಕೊಂದು ತಾಗದೆ ಅಮೀನ್‌ಗಳ ನಡುವೆ ಒಂಟಿಯಾಗಿ ಕೂತಿರುವ ಶೂನ್ಯ-ಆಯಾಮದ ವಸ್ತುಗಳತ್ತ ತಿರುಗಿ. ಕೋಣೆಯ ಉಷ್ಣತೆಯಲ್ಲಿ ಇವುಗಳ ಹೊಳಪು ಬೆರಗು ಹುಟ್ಟಿಸುವಂಥದ್ದು: ಟೆಟ್ರಾಫಿನೈಲ್‌ಫಾಸ್ಫೋನಿಯಂ ಮಾಂಗನೀಸ್ ಬ್ರೋಮೈಡ್‌ನ ದಕ್ಷತೆ 98% ಸುತ್ತ ಎಂದು 2017ರಲ್ಲೇ ವರದಿಯಾಗಿದೆ. ಅದು ಕೈರಲ್ ಅಲ್ಲ. ಆದರೆ ಮಾಂಗನೀಸ್ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ. ಆಂಟಿಮನಿ ಕ್ಲೋರೈಡ್ ಗೂಡುಗಳೂ ಒಳ್ಳೆಯವು. ಅವು ಅಗಲ ಪಟ್ಟಿಯ ಹಳದಿ, ಕಿತ್ತಳೆ, ಕೆಂಪು ಬೆಳಕು ಕೊಡುತ್ತವೆ. ತವರವನ್ನು ಈ ಹಂತದಲ್ಲಿ ಮುಟ್ಟಬೇಡಿ. ಗ್ಲೋವ್ ಬಾಕ್ಸ್ (ಗಾಳಿ ಸೋಕದ ಕೆಲಸದ ಪೆಟ್ಟಿಗೆ) ಇಲ್ಲದೆ ಅದು ಎರಡರ ಸ್ಥಿತಿಯಿಂದ ನಾಲ್ಕರ ಸ್ಥಿತಿಗೆ ಆಕ್ಸಿಡೀಕರಣಗೊಂಡು ಎಲ್ಲ ಶ್ರಮ ವ್ಯರ್ಥವಾಗುತ್ತದೆ.

ನಮ್ಮ ಸಲಹೆ ಮಾಂಗನೀಸ್. ಚಿಕ್ಕನಾಯಕನಹಳ್ಳಿಯ ಅದಿರಿನಿಂದಾಗಿ ನಿಮ್ಮ ಜಿಲ್ಲೆಗೆ ಅದು ಹೊಸ ಹೆಸರಲ್ಲ, ಆದರೆ ಕಾರಣ ಬೇರೆ. ಮಾಂಗನೀಸ್ ಸೂಸುವ ಬೆಳಕು ಅದರ ಡಿ-ಕಕ್ಷೆಗಳೊಳಗಿನ ಜಿಗಿತದಿಂದ ಬರುತ್ತದೆ. ಈ ಜಿಗಿತ ನಿಯಮದ ಪ್ರಕಾರ ನಿಷಿದ್ಧ, ಹಾಗಾಗಿ ವಿದ್ಯುತ್ ದ್ವಿಧ್ರುವ ಚಿಕ್ಕದು, ಜಿ ಬೆಳೆಯಲು ಅವಕಾಶ ಹೆಚ್ಚು. ಗೂಡುಗಳು ದೂರ ದೂರ ಇದ್ದರೆ ನಿಧಾನವಾಗಿಯಾದರೂ ಶಕ್ತಿಯೆಲ್ಲ ಬೆಳಕಾಗಿಯೇ ಬರುವುದರಿಂದ ಹೊಳಪೂ ಉಳಿಯುತ್ತದೆ. ಜೊತೆಗೆ ಅದು ನಿಮ್ಮ ಜೊತೆ ಮಾತಾಡುವ ಲೋಹ. ನಾಲ್ಕು ಬ್ರೋಮೈಡ್‌ಗಳ ಚತುರ್ಮುಖಿ ಗೂಡಿನಲ್ಲಿ ಕೂತರೆ 510-530 ನ್ಯಾನೊಮೀಟರ್‌ನ ಹಸಿರು, ಆರು ಹ್ಯಾಲೈಡ್‌ಗಳ ಅಷ್ಟಮುಖಿಯಲ್ಲಿ ಕೂತರೆ 600ರಿಂದ ಆಚೆಯ ಕಿತ್ತಳೆ-ಕೆಂಪು. ಎಕ್ಸ್‌ರೇ ರಚನೆ ಬರುವ ಮುಂಚೆಯೇ 365 ನ್ಯಾನೊಮೀಟರ್ ಟಾರ್ಚ್ ಹಾಕಿ ಏನು ಬೆಳೆದಿದೆ ಎಂದು ಅಂದಾಜು ಮಾಡಬಹುದು.

ಅಮೀನ್ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ನಿಮ್ಮಲ್ಲಿರುವ ಮೀಥೈಲ್‌ಬೆಂಜೈಲ್‌ಅಮೀನ್ ಪ್ರಾಥಮಿಕ ಅಮೀನ್, ಅಂದರೆ ಅದರ ಸಾರಜನಕಕ್ಕೆ ಒಂದೇ ಇಂಗಾಲ ಅಂಟಿದೆ. ಪ್ರಾಥಮಿಕ ಅಮೋನಿಯಂಗಳು ಮಾಂಗನೀಸ್ ಕ್ಲೋರೈಡ್ ಜೊತೆ ಸೇರಿದಾಗ ಮತ್ತೆ ಪದರಗಳನ್ನೇ ಕಟ್ಟುವುದು ಸಾಮಾನ್ಯ. ಮಾಂಗನೀಸ್‌ಗಳು ಹತ್ತಿರ ಹತ್ತಿರ ಬಂದು ಶಕ್ತಿ ಒಂದರಿಂದ ಒಂದಕ್ಕೆ ಹಾರುತ್ತಾ ಯಾವುದೋ ದೋಷದಲ್ಲಿ ಇಂಗಿಹೋಗುತ್ತದೆ. ಕೊನೆಗೆ ಸಿಗುವುದು ಮಂಕು ಕೆಂಪು. ಇನ್ನೊಂದು ತುದಿಯಲ್ಲಿ ಚತುರ್ಥಕ ಅಮೋನಿಯಂ ಇದೆ. ಗೂಡುಗಳನ್ನು ಚೆನ್ನಾಗಿ ದೂರ ಇಡುತ್ತದೆ, ಆದರೆ ಅದರಲ್ಲಿ ಸಾರಜನಕಕ್ಕೆ ಅಂಟಿದ ಜಲಜನಕವೇ ಇಲ್ಲ. ಬ್ರೋಮೈಡನ್ನು ಹಿಡಿದು ಎಳೆಯುವ ಜಲಜನಕ ಬಂಧವಿಲ್ಲದಿದ್ದರೆ ಅಮೀನ್‌ನ ತಿರುವು ಗೂಡಿಗೆ ದಾಟುವ ಮುಖ್ಯ ಸೇತುವೆಯೇ ಇಲ್ಲವಾಗುತ್ತದೆ. ನಡುದಾರಿಯಾಗಿ ತೃತೀಯಕ ಅಮೀನ್ ತೆಗೆದುಕೊಳ್ಳಿ: ಎನ್,ಎನ್-ಡೈಮೀಥೈಲ್-1-ಫಿನೈಲ್‌ಈಥೈಲ್‌ಅಮೀನ್. ಆರ್, ಎಸ್ ಎರಡೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆಮ್ಲ ಹಾಕಿದಾಗ ಸಾರಜನಕದ ಮೇಲೆ ಒಂದೇ ಒಂದು ಜಲಜನಕ ಉಳಿಯುತ್ತದೆ. ಗಾತ್ರ ದೊಡ್ಡದು, ಸೇತುವೆಯೂ ಇದೆ, ಕೈರಲ್ ಇಂಗಾಲ ಸಾರಜನಕದ ಪಕ್ಕದಲ್ಲೇ ಇದೆ. ಕೈರಲ್ ಇಂಗಾಲ ಒಂದು ಹೆಜ್ಜೆ ದೂರ ಹೋದರೂ ತಿರುವು ಸಾಮಾನ್ಯವಾಗಿ ಸಡಿಲವಾಗುತ್ತದೆ.

ಈ ಸೇತುವೆಯ ಮಾತು ಲೆಡ್‌ಗೂ ಅನ್ವಯಿಸುತ್ತದೆ. 2020ರಲ್ಲಿ ನಾಫ್ಥೈಲ್‌ಈಥೈಲ್ ಅಮೋನಿಯಂ ಲೆಡ್ ಬ್ರೋಮೈಡ್ ಮೇಲೆ ಬಂದ ಅಧ್ಯಯನ ಇದನ್ನೇ ತೋರಿಸಿತು. ಅಲ್ಲಿ ಜಲಜನಕ ಬಂಧಗಳು ಒಂದೇ ಸಮನಾಗಿಲ್ಲದ ಕಾರಣ ಅಜೈವಿಕ ಪದರದ ಅಷ್ಟಮುಖಿಗಳೇ ವಾಲಿಕೊಂಡು, ತಿರುವು ಸಾವಯವ ಭಾಗದಿಂದ ಅಜೈವಿಕ ಭಾಗಕ್ಕೆ ದಾಟಿತ್ತು.

ತಯಾರಿಯ ಅಳತೆ ಹೀಗಿದೆ. ಇದು ಹೊರಡುವ ಜಾಗ, ನಿಮ್ಮ ಕೈಯಲ್ಲಿ ಸ್ವಲ್ಪ ಬದಲಾಗಬಹುದು. 2 ಮಿಲಿಮೋಲ್ ಅಮೀನ್, ಅಂದರೆ 298 ಮಿ.ಗ್ರಾಂ., 3 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿ ಮಂಜುಗಡ್ಡೆಯ ಮೇಲಿಡಿ. 48% ಹೈಡ್ರೋಬ್ರೋಮಿಕ್ ಆಮ್ಲ 0.23 ಮಿ.ಲೀ. ಹನಿಹನಿಯಾಗಿ ಹಾಕಿ ಅರ್ಧ ಗಂಟೆ ಕಲಕಿ. ದ್ರಾವಕ ಆರಿಸಿ, ಈಥೈಲ್ ಅಸಿಟೇಟ್‌ನಿಂದ ತೊಳೆದು, 60° ಸೆ.ನಲ್ಲಿ ನಿರ್ವಾತದಲ್ಲಿ ಒಣಗಿಸಿ. ಪೂರ್ತಿ ಬಂದರೆ 460 ಮಿ.ಗ್ರಾಂ. ಲವಣ. ಇದಕ್ಕೆ 1 ಮಿಲಿಮೋಲ್ ಮಾಂಗನೀಸ್ ಬ್ರೋಮೈಡ್ ಟೆಟ್ರಾಹೈಡ್ರೇಟ್, 287 ಮಿ.ಗ್ರಾಂ., ಸೇರಿಸಿ 4-5 ಮಿ.ಲೀ. ಎಥನಾಲ್‌ನಲ್ಲಿ 50° ಸೆ.ಗೆ ಬಿಸಿ ಮಾಡಿ ಕರಗಿಸಿ. ಬಿಸಿಯಾಗಿರುವಾಗಲೇ ಸೋಸಿ ಸಣ್ಣ ವಯಲ್‌ಗಳಿಗೆ ಹಂಚಿ. ಪ್ರತಿ ವಯಲನ್ನು ಬಾಯಿ ತೆರೆದು, ಈಥೈಲ್ ಅಸಿಟೇಟ್ ಇರುವ ದೊಡ್ಡ ಬಾಟಲಿಯೊಳಗೆ ನಿಲ್ಲಿಸಿ ಹೊರಗಿನ ಮುಚ್ಚಳ ಬಿಗಿ ಮಾಡಿ. ಆವಿ ಮೆಲ್ಲಗೆ ಒಳಗಿಳಿದು ಕೆಲವು ದಿನಗಳಲ್ಲಿ ಹರಳು ಕೂರಬೇಕು. ಎರಡು ಅಮೋನಿಯಂಗೆ ಒಂದು ಮಾಂಗನೀಸ್ ಟೆಟ್ರಾಬ್ರೋಮೈಡ್ ಎಂಬ ಸಂಯೋಜನೆಯೇ ಬಂದರೆ ಗರಿಷ್ಠ ಇಳುವರಿ 675 ಮಿ.ಗ್ರಾಂ.

ಪುಸ್ತಕದ ವಿಧಾನಗಳು ಈಥೈಲ್ ಅಸಿಟೇಟ್ ಬದಲು ಡೈಈಥೈಲ್ ಈಥರ್ ಎನ್ನುತ್ತವೆ. ಅದರ ಕುದಿಬಿಂದು 34.6° ಸೆ. ಏಪ್ರಿಲ್ ತಿಂಗಳ ತುಮಕೂರಿನ ಮಧ್ಯಾಹ್ನ ಕೋಣೆಯೇ ಆ ಮಟ್ಟ ಮುಟ್ಟುತ್ತದೆ. ಈಥರ್ ಒಂದೇ ಸಲ ನುಗ್ಗಿ, ಹರಳಿನ ಬದಲು ಹಿಟ್ಟು ಬೀಳುತ್ತದೆ. ತಂಪಿರಲಿ ಎಂದು ಅದನ್ನು ಮನೆಬಳಕೆಯ ಫ್ರಿಜ್‌ನಲ್ಲಿ ಇಡಬೇಡಿ. ಥರ್ಮೋಸ್ಟಾಟ್‌ನ ಕಿಡಿ ಸಾಕು ಬೆಂಕಿ ಹೊತ್ತಲು. ಈಥೈಲ್ ಅಸಿಟೇಟ್ 77° ಸೆ.ನಲ್ಲಿ ಕುದಿಯುವುದರಿಂದ ಬೇಸಿಗೆಯಲ್ಲೂ ನಿಧಾನವಾಗಿಯೇ ಇಳಿಯುತ್ತದೆ.

ಮಳೆಗಾಲದ ತೊಂದರೆ ಬೇರೆಯದು. ಮಾಂಗನೀಸ್ ಬ್ರೋಮೈಡ್‌ಗಳಲ್ಲಿ ಹಲವು ತೇವ ಎಳೆಯುತ್ತವೆ. ನೀರು ಮಾಂಗನೀಸ್‌ಗೆ ಅಂಟಿದ ಕೂಡಲೇ ಹಸಿರು ಮಂಕಾಗುತ್ತದೆ. ಹರಳು ಸತ್ತಿತು ಎಂದು ಬಿಸಾಡಬೇಡಿ, 60-80° ಸೆ.ನಲ್ಲಿ ಒಣಗಿಸಿ ನೋಡಿ. ಎಷ್ಟೋ ಸಲ ಹೊಳಪು ಮರಳುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್ ಬಿಟ್ಟು ಹೊರಗೆ ಇಡಬೇಡಿ. ಹಸಿರಿನ ಜೊತೆ ಅಲ್ಲಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಎರಡು ಸಂಯುಕ್ತಗಳು ಒಟ್ಟಿಗೆ ಬೆಳೆದಿವೆ ಎಂದು ತಿಳಿಯಿರಿ. ಆಗ ಅಮೋನಿಯಂ ಲವಣವನ್ನು ಸೇಕಡ 5-10 ಹೆಚ್ಚಿಗೆ ಹಾಕಿ ಮತ್ತೆ ಬೆಳೆಸಿ.

ಅಮೀನ್ ಬಾಟಲಿಯ ಚೀಟಿಯನ್ನು ನಂಬಿ ಕೂರಬೇಡಿ. ಪಿ.ಜಿ. ಕಾಲೇಜುಗಳಲ್ಲಿ ಸೋಡಿಯಂ ದೀಪದ ಪೋಲಾರಿಮೀಟರ್ ಇದ್ದೇ ಇರುತ್ತದೆ. ಆರ್ ಮೀಥೈಲ್‌ಬೆಂಜೈಲ್‌ಅಮೀನ್‌ನ ವಿಶಿಷ್ಟ ಆವರ್ತನ (ಧ್ರುವೀಕೃತ ಬೆಳಕನ್ನು ತಿರುಗಿಸುವ ಕೋನ), ದ್ರಾವಕವಿಲ್ಲದೆ, +38° ರಿಂದ +40°. ಸಾಂದ್ರತೆ 0.94, ಹಾಗಾಗಿ ಅರ್ಧ ಡೆಸಿಮೀಟರ್ ಕೊಳವೆಯಲ್ಲಿ ಸುಮಾರು 18° ಓದಬೇಕು. ಎಸ್ ಅಷ್ಟೇ, ಋಣ ಚಿಹ್ನೆಯಲ್ಲಿ. ಬಾಟಲಿಯ ಬಾಯಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದ ಕಾರ್ಬಮೇಟ್. ತೂಕ ತಪ್ಪುತ್ತದೆ. ಇನ್ನೊಂದು ಮಾತು: ಅಮೀನ್ ಆರ್ ಆದ ಮಾತ್ರಕ್ಕೆ ಬೆಳಕು ಬಲಮುರಿ ಆಗಬೇಕಿಲ್ಲ. ಹೆಸರಿನ ಆರ್, ಎಸ್ ಒಂದು ನಾಮಕರಣ ಪದ್ಧತಿ. ಬೆಳಕಿನ ಚಿಹ್ನೆಯನ್ನು ಅಳೆದೇ ತಿಳಿಯಬೇಕು.

ಏಕಹರಳಿನ ಎಕ್ಸ್‌ರೇ ರಚನೆ ಬಂದಾಗ ಮೂರು ಕಡೆ ಕಣ್ಣಿಡಿ. ಒಟ್ಟು 230 ಆಕಾಶ ಗುಂಪುಗಳಲ್ಲಿ (ಸ್ಪೇಸ್ ಗ್ರೂಪ್, ಹರಳಿನ ಸಮಮಿತಿಯ ಬಗೆಗಳು) ಒಂದೇ ಕೈಯ ಅಣುಗಳು ಕೂರಬಲ್ಲವು 65 ಮಾತ್ರ. ಪಿ 21, ಸಿ 2, ಪಿ 21 21 21 ಇವು ಮತ್ತೆ ಮತ್ತೆ ಬರುವಂಥವು. ಪಿ 21/ಸಿ ಎಂದು ವರದಿ ಬಂದರೆ ಒಂದೋ ನಿಮ್ಮ ಅಮೀನ್ ಬೆರಕೆಯಾಗಿದೆ, ಇಲ್ಲವೇ ರಚನೆ ಬಿಡಿಸಿದ್ದು ತಪ್ಪಾಗಿದೆ. ರಚನೆಯ ಎಡ-ಬಲ ಕೈ ಸರಿಯಿದೆಯೇ ಎಂದು ಹೇಳುವ ಫ್ಲ್ಯಾಕ್ ಸೂಚಿ ಸೊನ್ನೆಯ ಹತ್ತಿರವಿರಬೇಕು. 0.5ರ ಹತ್ತಿರವಿದ್ದರೆ ಎರಡೂ ಕೈಗಳು ಹರಳಿನಲ್ಲಿ ಬೆರೆತಿವೆ. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ: ಸಾವಯವ ಭಾಗವನ್ನು ಚಿತ್ರದಿಂದ ಅಳಿಸಿ, ಬರೀ ಮಾಂಗನೀಸ್-ಬ್ರೋಮೈಡ್ ಗೂಡುಗಳನ್ನು ಉಳಿಸಿ ನೋಡಿ. ಅವು ಆದರ್ಶ ಚತುರ್ಮುಖಿಗಳಾಗಿ, ಒಂದಕ್ಕೊಂದು ಪ್ರತಿಬಿಂಬದಂತೆ ಅಚ್ಚುಕಟ್ಟಾಗಿ ಕೂತಿದ್ದರೆ ಕಾಗದದ ಮೇಲೆ ಹರಳು ಕೈರಲ್, ಬೆಳಕಿನ ಮಟ್ಟಿಗೆ ಅಲ್ಲ. ಬ್ರೋಮೈಡ್-ಮಾಂಗನೀಸ್-ಬ್ರೋಮೈಡ್ ಕೋನಗಳು 109.5°ಯಿಂದ ಎತ್ತೆತ್ತ ಜಾರಿವೆ ಎಂದು ಬರೆದಿಟ್ಟುಕೊಳ್ಳಿ. ಮುಂದೆ ಅಮೀನ್‌ನ ಉಂಗುರದ ಮೇಲೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಕೂರಿಸಿ ಸರಣಿ ಮಾಡುವಾಗ ಹೋಲಿಸಲು ಈ ಪಟ್ಟಿಯೇ ಆಧಾರ.

ಅಳತೆಯ ಪ್ರಶ್ನೆಗೆ ಉತ್ತರ: ಕಾಲೇಜಿನಲ್ಲೇ ಅಳೆಯಬಹುದು, ಆದರೆ ತುಂಬ ತಾಳ್ಮೆ ಬೇಕು. ತ್ರೀ-ಡಿ ಸಿನಿಮಾದ ಕನ್ನಡಕ ಹಿಡಿದು ನೋಡುವವರಿದ್ದಾರೆ, ಅದರಲ್ಲಿ ಏನೂ ಕಾಣದು. ಜಿ 0.01 ಅಂದರೆ 2000 ಫೋಟಾನ್‌ಗಳಲ್ಲಿ 1005 ಎಡ, 995 ಬಲ. ವ್ಯತ್ಯಾಸ ಹತ್ತು. 2000 ಎಣಿಕೆಯ ಸಹಜ ಏರುಪೇರೇ 45. ಈ ಹತ್ತನ್ನು ಸೇಕಡ 10ರ ನಿಖರತೆಯಲ್ಲಿ ಹಿಡಿಯಲು ಸುಮಾರು 40 ಲಕ್ಷ ಫೋಟಾನ್ ಎಣಿಸಬೇಕು. ಒಂದೇ ಸ್ಪೆಕ್ಟ್ರಮ್ ತೆಗೆದು ಮುಗಿಸುವ ಕೆಲಸವಲ್ಲ ಇದು. ಇದರ ನಡುವೆ ದೀಪದ ತೀವ್ರತೆ ಸೇಕಡ ಒಂದು ಜಾರಿದರೆ ಅಷ್ಟೇ ದೊಡ್ಡ ಸುಳ್ಳು ಜಿ ಹುಟ್ಟುತ್ತದೆ. ಹಾಗಾಗಿ ಎಡ, ಬಲ, ಬಲ, ಎಡ ಎಂಬ ಸರದಿಯಲ್ಲಿ ಓದಿ. ಒಂದೇ ದಿಕ್ಕಿಗೆ ಜಾರುವ ದೀಪದ ತಪ್ಪು ಆಗ ತಾನಾಗಿ ಕಳೆದುಹೋಗುತ್ತದೆ. ದೀಪವನ್ನು ಯುಪಿಎಸ್ ಮೇಲಿಟ್ಟು, ಹಚ್ಚಿದ ಅರ್ಧ ಗಂಟೆಯ ಮೇಲೆ ಶುರು ಮಾಡಿ.

ಜೋಡಣೆಗೆ ಬೇಕಾದವು: ಮಾಂಗನೀಸ್ ಬ್ರೋಮೈಡ್‌ಗೆ 450 ನ್ಯಾನೊಮೀಟರ್‌ನ ನೀಲಿ ಎಲ್‌ಇಡಿ, ಬೆಳಕನ್ನು ಸಮಾಂತರ ಮಾಡುವ ಮಸೂರ, ನೀಲಿಯನ್ನು ತಡೆಯುವ 490 ಸುಮಾರಿನ ಲಾಂಗ್‌ಪಾಸ್ ಫಿಲ್ಟರ್, ವೃತ್ತೀಯ ಬೆಳಕನ್ನು ರೇಖೀಯವಾಗಿಸುವ ಕ್ವಾರ್ಟರ್-ವೇವ್ ಪ್ಲೇಟ್, ರೇಖೀಯ ಪೋಲರೈಸರ್, ಫೈಬರ್, ಸ್ಪೆಕ್ಟ್ರೋಮೀಟರ್, ಇದೇ ಕ್ರಮದಲ್ಲಿ. ತಿರುಗಿಸಬೇಕಾದದ್ದು ಪ್ಲೇಟನ್ನು, ಪೋಲರೈಸರ್ ಅಲ್ಲ. ಸ್ಪೆಕ್ಟ್ರೋಮೀಟರ್‌ನ ಗ್ರೇಟಿಂಗ್ ಬೇರೆ ಬೇರೆ ಧ್ರುವೀಕರಣಕ್ಕೆ ಬೇರೆ ಬೇರೆ ದಕ್ಷತೆ ತೋರುವುದರಿಂದ ಪೋಲರೈಸರ್ ಅಲುಗಾಡಬಾರದು. ಪ್ಲೇಟಿನ ಅಕ್ಷ ಪೋಲರೈಸರ್‌ಗೆ +45° ಇದ್ದಾಗ ಒಂದು ಕೈ, -45° ಇದ್ದಾಗ ಇನ್ನೊಂದು ಕೈ ದಾಟುತ್ತದೆ.

ಇಲ್ಲಿ ಕೋನದ ಶಿಸ್ತು ಮುಖ್ಯ. ಹರಳುಗಳು ಒಂದೇ ದಿಕ್ಕಿಗೆ ಮಲಗಿದ್ದರೆ ಬೆಳಕು ಸ್ವಲ್ಪ ರೇಖೀಯವಾಗಿಯೂ ಧ್ರುವೀಕೃತವಾಗಿರುತ್ತದೆ. ಅದು 30% ಇದ್ದು, ನಿಮ್ಮ ಎರಡು ಸ್ಥಾನಗಳ ಅಂತರ 90°ಗೆ ಬದಲು 91° ಆದರೆ, ಸುಳ್ಳು ಜಿ 0.01ರವರೆಗೆ ಬರಬಹುದು. ಅಂದರೆ ನೀವು ಹುಡುಕುತ್ತಿರುವ ಗಾತ್ರವೇ. ಇದರಿಂದ ಪಾರಾಗಲು ಎರಡೇ ಸ್ಥಾನ ಓದದೆ, ಪ್ಲೇಟನ್ನು 10°ಗೊಮ್ಮೆ ನಿಲ್ಲಿಸಿ ಪೂರ್ತಿ ಸುತ್ತು, 36 ಓದು ತೆಗೆಯಿರಿ. ವೃತ್ತೀಯ ಭಾಗ ಒಂದು ಸುತ್ತಿಗೆ ಎರಡು ಸಲ ಏರಿಳಿಯುತ್ತದೆ, ರೇಖೀಯ ಭಾಗ ನಾಲ್ಕು ಸಲ. ಸ್ಪ್ರೆಡ್‌ಶೀಟ್‌ನಲ್ಲೇ ಎರಡನ್ನೂ ಬೇರ್ಪಡಿಸಬಹುದು. ಕಡಿಮೆ ಖರ್ಚಿನಲ್ಲಿ ನಂಬಬಹುದಾದ ವಿಧಾನ ಎಂದರೆ ಇದೇ ಎಂದು ನಮ್ಮ ಅಭಿಪ್ರಾಯ.

ಮಾಂಗನೀಸ್‌ನ ಹಸಿರು ಕಿರಿದಾದ ಪಟ್ಟಿ, ಹಾಗಾಗಿ ಆ ತರಂಗದ ಸಾಮಾನ್ಯ ಪ್ಲೇಟ್ ನಡೆಯುತ್ತದೆ. ಮುಂದೆ ಆಂಟಿಮನಿಯ ಅಗಲ ಪಟ್ಟಿಗೆ ಹೋದರೆ ಎಲ್ಲ ಬಣ್ಣಕ್ಕೂ ಹೊಂದುವ ಅಕ್ರೋಮ್ಯಾಟಿಕ್ ಪ್ಲೇಟ್ ಬೇಕು. ಪ್ಲೇಟುಗಳನ್ನು ಲೆಕ್ಕದ ಕೋನಗಳಲ್ಲಿ ಜೋಡಿಸಿ ಅಂಥದ್ದನ್ನು ಮಾಡುವ ಬಗೆಯನ್ನು 1955ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ. ಇಂದಿಗೂ ಆ ಜೋಡಣೆ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

ಬಂದ ಸಂಕೇತ ನಿಜವೋ ಅಲ್ಲವೋ ತಿಳಿಯಲು ಹರಳನ್ನು ಮಗುಚಿ ಹಾಕಿ ಮತ್ತೆ ಅಳೆಯಿರಿ. ಬಲಮುರಿ ಶಂಖವನ್ನು ಬೋರಲು ಹಾಕಿದರೂ ಅದು ಬಲಮುರಿಯೇ. ನಿಜವಾದ ತಿರುವಿನ ಚಿಹ್ನೆಯೂ ಹಾಗೆಯೇ ಉಳಿಯಬೇಕು. ಮಗುಚಿದಾಗ ಚಿಹ್ನೆ ಬದಲಾದರೆ ಅದು ರೇಖೀಯ ಪರಿಣಾಮಗಳು ಬೆರೆತು ಹುಟ್ಟಿದ ಭ್ರಮೆ, ಅದರಲ್ಲೂ ಸ್ಪಿನ್ ಕೋಟ್ ಮಾಡಿದ ಫಿಲ್ಮ್‌ಗಳಲ್ಲಿ ಇದು ಹೆಚ್ಚು. ಆಮೇಲೆ ಆರ್, ಎಸ್ ಎರಡೂ ಒಂದೇ ಗಾತ್ರದ ಕನ್ನಡಿ ಬಿಂಬವಾಗಬೇಕು, ಅರ್ಧರ್ಧ ಬೆರೆಸಿ ಬೆಳೆಸಿದ ರೆಸೆಮಿಕ್ ಹರಳು ಸೊನ್ನೆ ತೋರಬೇಕು, ಕೈರಲ್ ಅಲ್ಲದ ಫ್ಲೋರೆಸಿನ್ ದ್ರಾವಣವೂ ಸೊನ್ನೆ ತೋರಬೇಕು. ಉಪಕರಣದ ಚಿಹ್ನೆ ಮತ್ತು ಪ್ರಮಾಣ ಸರಿಯಿದೆಯೇ ಎಂದು ನೋಡಲು ಸೀಸಿಯಂ ಯುರೋಪಿಯಂ ಹೆಪ್ಟಾಫ್ಲೋರೋಬ್ಯೂಟಿರಿಲ್-ಕ್ಯಾಂಫರೇಟ್ ಎಂಬ ಸಂಯುಕ್ತ ಬಳಸುತ್ತಾರೆ. ಕ್ಲೋರೋಫಾರ್ಮ್‌ನಲ್ಲಿ 595 ನ್ಯಾನೊಮೀಟರ್‌ನಲ್ಲಿ ಅದರ ಜಿ 1.38.

ಪುಡಿಯನ್ನು ಪೆಲೆಟ್ ಮಾಡುವುದಾದರೆ ಬ್ರೋಮೈಡ್ ವಸ್ತುವನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ, ಕ್ಲೋರೈಡ್ ವಸ್ತುವನ್ನು ಪೊಟ್ಯಾಸಿಯಂ ಕ್ಲೋರೈಡ್ ಜೊತೆ ಮಾತ್ರ ಒತ್ತಿ. ಅದಲು ಬದಲಾದರೆ ಹ್ಯಾಲೈಡ್‌ಗಳು ಒಳಗೊಳಗೇ ವಿನಿಮಯವಾಗಿ ಬೇರೆ ವಸ್ತುವನ್ನು ಅಳೆದಂತಾಗುತ್ತದೆ. ಒತ್ತಡಕ್ಕೇ ರಚನೆ ಬದಲಾಗುವ ಅನುಮಾನವಿದ್ದರೆ ಪುಡಿಯನ್ನು ನ್ಯೂಜಾಲ್ ಎಣ್ಣೆಯಲ್ಲಿ ಕಲಸಿ ಎರಡು ಗಾಜಿನ ನಡುವೆ ಹಚ್ಚಿ.

ನಿಮ್ಮ ಲೆಡ್ ಹರಳುಗಳನ್ನು ಎಸೆಯಬೇಡಿ, ಅವುಗಳಿಗೆ ಬೇರೆ ಕೆಲಸವಿದೆ. 2021ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ತಂಡ ಇದೇ ಮೀಥೈಲ್‌ಬೆಂಜೈಲ್ ಲೆಡ್ ಅಯೋಡೈಡ್ ಪದರವನ್ನು ವಿದ್ಯುದಾವೇಶಗಳ ಸ್ಪಿನ್ (ಅವುಗಳ ಆಂತರಿಕ ಕಾಂತೀಯ ಗುಣ) ಸೋಸುವ ಜರಡಿಯಾಗಿ ಬಳಸಿತು. ಬೆಳಗುವ ಕೆಲಸವನ್ನು ಪಕ್ಕದ ಸೀಸಿಯಂ ಲೆಡ್ ಅಯೋಡೈಡ್ ನ್ಯಾನೊಹರಳುಗಳಿಗೆ ಬಿಟ್ಟಿತು. ಆ ಎಲ್‌ಇಡಿ ಕಾಂತಕ್ಷೇತ್ರವಿಲ್ಲದೆ, ಕೋಣೆಯ ಉಷ್ಣತೆಯಲ್ಲಿ 2.6% ವೃತ್ತೀಯ ಧ್ರುವೀಕರಣದ ಬೆಳಕು ಕೊಟ್ಟಿತು. ಅಲ್ಲಿಯೂ ತಿರುವು ಬೆಳಗುವ ಜಾಗಕ್ಕೇ ತಲುಪಿದೆ, ಸ್ಪಿನ್ ಎಂಬ ವಾಹಕದ ಮೂಲಕ.

ಏಕಹರಳಿನ ಎಕ್ಸ್‌ರೇ, ದೀಪ್ತಿ ದಕ್ಷತೆ, ದೊಡ್ಡ ಸಿ.ಪಿ.ಎಲ್. (ವೃತ್ತೀಯ ಧ್ರುವೀಕೃತ ದೀಪ್ತಿ ಅಳೆಯುವ) ಉಪಕರಣಗಳಿಗೆ ಎಪ್ಪತ್ತು ಕಿ.ಮೀ. ದೂರದ ಬೆಂಗಳೂರಿಗೆ ಹೋಗಲೇಬೇಕು. ಸಾರ್ವಜನಿಕ ಸಂಸ್ಥೆಗಳ ಉಪಕರಣ ಹುಡುಕಿ ಕಾಯ್ದಿರಿಸಲು ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್ ಇದೆ. ಹೋಗುವಾಗ ಆರ್, ಎಸ್, ರೆಸೆಮಿಕ್ ಮೂರನ್ನೂ ಒಯ್ಯಿರಿ, ಒಂದನ್ನು ಮಾತ್ರ ಒಯ್ದರೆ ಆ ದಿನ ದಂಡ. ವಯಲ್‌ಗಳಿಗೆ ಪ್ಯಾರಾಫಿಲ್ಮ್ ಸುತ್ತಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು, ಎಕ್ಸ್‌ರೇಗೆ ಕೊಡುವ ಹರಳುಗಳನ್ನು ಪ್ಯಾರಾಫಿನ್ ಎಣ್ಣೆಯ ಹನಿಯಲ್ಲಿ ಮುಳುಗಿಸಿ. ಲೆಡ್ ಇರುವ ತೊಳೆನೀರು, ಸೋಸು ಕಾಗದ, ಟಿಶ್ಯೂ ಎಲ್ಲವನ್ನೂ ಚೀಟಿ ಅಂಟಿಸಿದ ಬೇರೆ ಬಾಟಲಿಗೇ ಹಾಕಿ. ಸಿಂಕಿಗೆ ಒಂದು ಹನಿಯೂ ಬೀಳಬಾರದು.